ಎರಡಂಗುಲ ಸಾಲದ ಹಗ್ಗ

॥ ಶ್ರೀಹರಿವಾಯುಗುರುಭ್ಯೋ ನಮಃ ॥

ಪವಿತ್ರವಾದ ಕಾರ್ತಿಕಮಾಸವು ಪ್ರಾಪ್ತವಾಗಿದೆ. ಈ ಮಾಸಕ್ಕೆ ಶ್ರೀದಾಮೋದರನು ನಿಯಾಮಕನೆಂಬುದು ಆಸ್ತಿಕರೆಲ್ಲರಿಗೂ ವಿದಿತವೇ ಆಗಿದೆ. ಚಾತುರ್ಮಾಸ್ಯದ ನಾಲ್ಕು ವ್ರತಗಳಲ್ಲಿ ಕೊನೆಯದಾದ ದ್ವಿದಳವ್ರತವೂ ಈ ಕಾಲದಲ್ಲಿಯೇ ನಡೆಯುವುದು. ಬೇಳೆ ವರ್ಜ್ಯವಾದ್ದರಿಂದ ಹುಳಿ ಇಲ್ಲ. ಉದ್ದು ವರ್ಜ್ಯವಾದ್ದರಿಂದ ಇಡ್ಲಿ-ದೋಸೆಗಳಿಲ್ಲ. ವ್ರತವನ್ನು ಸಂಕಲ್ಪಿಸುವವರು ಯಜಮಾನರು. ಅದನ್ನು ನಡೆಸುವವರು ಅಡಿಗೆಯ ಮನೆಯಲ್ಲಿರುವವರು. ಹಿರಿಯರಿಗೊಂದು ಅಡಿಗೆ, ಶಾಲೆಗೆ ಹೋಗುವ ಮಕ್ಕಳ ಡಬ್ಬಿಗೆ ಇನ್ನೊಂದು; ಇವೆರಡನ್ನೂ ಮುಗಿಸಿ, ಒದ್ದೆಗೂದಲನ್ನು ಹಾಗೆಯೇ ಗಂಟುಹಾಕಿಕೊಂಡು ಲೋಕಲ್ ರೈಲಿಗೆ ಓಡುವ ತಾಯಂದಿರು ನಮ್ಮ ಈ ಮುಂಬಯಿಯಲ್ಲಿ ಎಷ್ಟೋ ಮಂದಿ. ಆದ್ದರಿಂದ ಈ ತಿಂಗಳ ಲೇಖನವನ್ನು ಅವರಿಗಾಗಿಯೇ ಮೀಸಲಿಟ್ಟರೆ ಯಜಮಾನರು ಆಕ್ಷೇಪಿಸಲಾರರೆಂದು ನಂಬುತ್ತೇನೆ. ಅವರಿಗೂ ಕೊನೆಯಲ್ಲಿ ಒಂದು ಮಾತುಂಟು.

‘ದಾಮ’ವೆಂದರೆ ಹಗ್ಗ, ‘ಉದರ’ವೆಂದರೆ ಹೊಟ್ಟೆ. ಹೊಟ್ಟೆಗೆ ಹಗ್ಗ ಬಿಗಿಸಿಕೊಂಡವನು ದಾಮೋದರ. ಈ ನಾಮಕ್ಕೆ ಬೇರೆ ಅರ್ಥಗಳನ್ನೂ ಜ್ಞಾನಿಗಳು ಹೇಳಿರುವರಾದರೂ ಲೋಕಪ್ರಸಿದ್ಧವಾದದ್ದು ಇದೇ. ಆಚಮನದಲ್ಲಿ ಕೇಶವಾದಿ ನಾಮಗಳನ್ನು ಹೇಳುತ್ತ ಹೋಗುವಾಗ ಹನ್ನೆರಡನೆಯದಾಗಿ ಈ ನಾಮವು ಬರುತ್ತದೆ. ಬ್ರಹ್ಮಾಂಡವನ್ನೇ ಉದರದಲ್ಲಿಟ್ಟುಕೊಂಡವನಿಗೆ ಗೋಕುಲದ ಒಬ್ಬ ತಾಯಿಯು ಮನೆಗೆಲಸದ ಗಡಿಬಿಡಿಯಲ್ಲಿ ಕಟ್ಟಿದ ಹಗ್ಗವೇ ಒಂದು ನಾಮವಾಗಿ ಉಳಿಯಿತು. ಉಪನೀತನಾದ ಹುಡುಗನು ನೀರನ್ನು ಕೈಯಲ್ಲಿ ಹಿಡಿದು ಆ ನಾಮವನ್ನು ಉಚ್ಚರಿಸುವಾಗಲೆಲ್ಲ ಒಬ್ಬ ತಾಯಿಯ ಶ್ರಮವನ್ನು, ತಿಳಿದೋ ತಿಳಿಯದೆಯೋ, ಸ್ಮರಿಸುತ್ತಿರುತ್ತಾನೆ.

ಹಿಂದಿನ ಶ್ರಾವಣದಲ್ಲಿ ರಾಯರ ಆರಾಧನೆಯ ದಿನ ಕೊನೆಯ ಪಂಕ್ತಿ ಎದ್ದ ಮೇಲೆ ಒಬ್ಬ ತಾಯಿ ಬಂದು ಕುಳಿತರು. ವಿಜಾಪುರದ ಕಡೆಯವರು, ಇಲ್ಲಿ ನೌಕರಿಯಲ್ಲಿರುವವರು, ಇಬ್ಬರು ಮಕ್ಕಳು, ಚಿಕ್ಕವನನ್ನು ಪಾಳಣಾಘರದಲ್ಲಿ ಬಿಟ್ಟು ಹೋಗುವವರು. ಅವರೆಂದದ್ದನ್ನು ಅವರ ಮಾತಿನಲ್ಲಿಯೇ ಹೇಳುತ್ತೇನೆ: “ಕಾಕಾ, ನಾ ಏನ್ ಮಾಡಿದ್ರೂ ಸಾಲೂದಿಲ್ಲ ಅನಸ್ತದ್ರಿ. ಆಫೀಸಿನ್ಯಾಗ ಕೂತ್ರ ಮನಿ ಚಿಂತಿ, ಮನ್ಯಾಗ ಇದ್ರ ಆಫೀಸಿನ ಚಿಂತಿ. ಸಿಟ್ಟಿಲೆ ಹುಡುಗಗ ಒಂದೇಟು ಕೊಡ್ತೀನಿ, ರಾತ್ರಿ ಅವ ಮಲಗಿದ ಮ್ಯಾಲೆ ಅವನ ಕಾಲು ಹಿಡಕೊಂಡು ಅಳತೀನಿ. ನನ್ನಂಥಾಕಿಗೆ ದೇವರು ಮಕ್ಕಳನ್ನ ಯಾಕ ಕೊಟ್ಟನೋ ಅನಸ್ತದ್ರಿ.” ಈ ಮಾತು ಅವರೊಬ್ಬರದಲ್ಲವೆಂಬುದನ್ನು ಅನಂತರದ ತಿಂಗಳುಗಳಲ್ಲಿ ಬೇರೆ ತಾಯಂದಿರ ಬಾಯಿಂದಲೂ ಕೇಳಿದೆನು. ‘ಸಾಲದು’ ಎಂಬ ಈ ಸಂಕಟಕ್ಕೆ ಶ್ರೀಮದ್ಭಾಗವತದ ದಶಮಸ್ಕಂಧದಲ್ಲಿ, ದಾಮೋದರಲೀಲೆಯಲ್ಲಿ, ನೇರವಾದ ಸಮಾಧಾನವಿದೆ. ಕಥೆಯು ಎಲ್ಲರಿಗೂ ಗೊತ್ತಿದ್ದದ್ದೇ. ಆದರೂ ಮಗುವಿನ ಕಡೆಯಿಂದ ನೋಡುವ ಅಭ್ಯಾಸವನ್ನು ಬಿಟ್ಟು ಒಮ್ಮೆ ತಾಯಿಯ ಕಡೆಯಿಂದ ನೋಡೋಣ.

ಶುಕಾಚಾರ್ಯರು ಪ್ರಸಂಗವನ್ನು ಆರಂಭಿಸುವುದೇ, ಆ ದಿನ ದಾಸಿಯರೆಲ್ಲ ಬೇರೆ ಕೆಲಸಗಳಲ್ಲಿ ತೊಡಗಿದ್ದರಿಂದ ಯಶೋದೆಯು ತಾನೇ ಮೊಸರನ್ನು ಕಡೆಯತೊಡಗಿದಳೆಂಬ ಮಾತಿನಿಂದ. ‘ಬಾಯಿ ಇವತ್ತು ಬರುವುದಿಲ್ಲ’ವೆಂಬ ವಾರ್ತೆಯಿಂದ ಬೆಳಗಾದ ಮನೆಯ ಸ್ಥಿತಿಯನ್ನು ಬಲ್ಲವರಿಗೆ ಇದರ ವ್ಯಾಖ್ಯಾನವು ಬೇಕಿಲ್ಲ. ಕಡೆಯುತ್ತ ಅವಳು ಮಗನ ಲೀಲೆಗಳನ್ನು ನೆನೆದು ಹಾಡುತ್ತಿದ್ದಳು. ಅಷ್ಟರಲ್ಲಿ ಬಾಲಕೃಷ್ಣನು ಬಂದು ಕಡೆಗೋಲನ್ನು ಹಿಡಿದು ನಿಲ್ಲಿಸಿ ಹಾಲು ಬೇಡಿದನು. ತೊಡೆಯ ಮೇಲೆ ಎತ್ತಿಕೊಂಡು ಉಣಿಸುತ್ತಿರುವಾಗಲೇ ಒಲೆಯ ಮೇಲಿನ ಹಾಲು ಉಕ್ಕಿತು. ಇನ್ನೂ ತೃಪ್ತನಾಗದ ಮಗನನ್ನು ಕೆಳಗಿಳಿಸಿ ತಾಯಿಯು ಒಲೆಯ ಕಡೆಗೆ ಓಡಿದಳು.

ಇಲ್ಲಿ ಕ್ಷಣಕಾಲ ನಿಲ್ಲಬೇಕು. ಉಣ್ಣುತ್ತಿದ್ದವನು ಸಾಕ್ಷಾತ್ ಪರಮಾತ್ಮ. ಕರೆದದ್ದು ಉಕ್ಕುವ ಹಾಲು. ಅವಳು ಹಾಲಿನ ಕಡೆಗೆ ಹೋದಳು. ಶುಕಾಚಾರ್ಯರ ಬಾಯಿಂದ ಒಂದು ನಿಂದೆಯ ಮಾತೂ ಬಂದಿಲ್ಲ. ‘ಎಂಥ ತಾಯಿಯಿವಳು’ ಎಂದು ಅವರೆನ್ನಲಿಲ್ಲ. ಆ ಹಾಲಾದರೂ ಯಾರಿಗಾಗಿ? ಆ ಮನೆಗಾಗಿ, ಆ ಮಗನಿಗಾಗಿಯೇ. ನೌಕರಿಗೆ ಹೋಗುವ ತಾಯಿಯು ಬಾಗಿಲಲ್ಲಿ ಅಳುವ ಮಗುವಿನ ಬೆರಳುಗಳನ್ನು ಸೆರಗಿನಿಂದ ಬಿಡಿಸಿಕೊಂಡು ಹೊರಡುವಾಗ ಅವಳ ಒಲೆಯ ಮೇಲೆಯೂ ಒಂದು ಹಾಲಿನ ಪಾತ್ರೆಯಿದೆ. ಮನೆಯ ಸಾಲದ ಕಂತು, ಶಾಲೆಯ ಶುಲ್ಕ, ಊರಿನಲ್ಲಿರುವ ಅತ್ತೆ-ಮಾವಂದಿರ ಔಷಧ. ಅವಳು ಮಗುವನ್ನು ತೊರೆದು ಹೋಗುತ್ತಿಲ್ಲ. ‘ನೌಕರಿ ಬಿಟ್ಟರೆ ಮಕ್ಕಳು ತಾನಾಗಿ ಸರಿಹೋಗುತ್ತಾರೆ’ ಎಂದು ಸುಲಭವಾಗಿ ಉಪದೇಶಿಸುವ ಬಂಧುಗಳು ಈ ಅಧ್ಯಾಯವನ್ನು ಇನ್ನೊಮ್ಮೆ ಓದುವುದು ಲೇಸು.

ಮುಂದಿನ ಭಾಗವು ಪ್ರಸಿದ್ಧ. ಮಗನು ಸಿಟ್ಟಾದಂತೆ ತುಟಿ ಕಚ್ಚಿ, ಕಲ್ಲಿನಿಂದ ಮೊಸರಿನ ಗಡಿಗೆಯನ್ನೊಡೆದು, ಹುಸಿಗಣ್ಣೀರು ತಂದುಕೊಂಡು, ಒಳಗೆ ಹೋಗಿ ಬೆಣ್ಣೆ ಮೆದ್ದನು. ಭಗವಂತನಿಗೆ ಹಸಿವೆಯೂ ಇಲ್ಲ, ಕೋಪವೂ ಇಲ್ಲ, ಭಯವೂ ಇಲ್ಲ. ನಿರ್ದೋಷನಾದ ಅವನು ಮಾಡಿ ತೋರಿಸಿದ್ದು ಲೋಕವಿಡಂಬನವೆಂಬುದನ್ನು ನಮ್ಮ ಆಚಾರ್ಯರ ಮತದವರು ಮರೆಯಬಾರದು. ತಾಯಿಯು ಹಾಲನ್ನಿಳಿಸಿ ಬಂದು ಒಡೆದ ಗಡಿಗೆಯನ್ನು ಕಂಡಳು. ಕಂಡು ನಕ್ಕಳು! ಇದು ಭಾಗವತದ ಮಾತು, ನನ್ನ ಕಲ್ಪನೆಯಲ್ಲ. ಬಳಿಕ ಕೋಲನ್ನು ಹಿಡಿದು ಬೆನ್ನಟ್ಟಿದಳು, ಹಿಡಿದಳು, ಗದರಿಸಿದಳು. ಅಂದರೆ ಶಿಸ್ತು ಬೇಡವೆಂದು ಕಥೆಯು ಹೇಳುವುದಿಲ್ಲ. ಆದರೆ ಕಾಡಿಗೆಯನ್ನು ಕೆನ್ನೆಗೆಲ್ಲ ಬಳಿದುಕೊಂಡು ಕಣ್ಣುಜ್ಜುತ್ತ ನಿಂತ ಮಗನು ಹೆದರಿದ್ದಾನೆಂದು ತಿಳಿದೊಡನೆಯೇ ಅವಳು ಕೋಲನ್ನು ಎಸೆದುಬಿಟ್ಟಳು. ಅದೇ ಸ್ಥಳದಲ್ಲಿ ಶುಕಾಚಾರ್ಯರು ಅವಳಿಗೆ ‘ಮಗುವಿನಲ್ಲಿ ವಾತ್ಸಲ್ಯವುಳ್ಳವಳು’ ಎಂಬ ವಿಶೇಷಣವನ್ನು ಕೊಟ್ಟಿದ್ದಾರೆ. ಹಾಲೂಡಿಸುವಾಗಲಲ್ಲ, ಮುದ್ದಿಸುವಾಗಲಲ್ಲ, ಕೋಲನ್ನು ಬಿಸುಡುವಾಗ.

ತಾಯಂದಿರು ಗಮನಿಸಬೇಕಾದ ವ್ಯವಹಾರವು ಇಲ್ಲಿಯೇ ಇದೆ. ದಿನವೆಲ್ಲ ದಣಿದ ದೇಹಕ್ಕೆ ಸಿಟ್ಟು ಬರುವುದು ಸಹಜ. ಸಿಟ್ಟು ಬಾರದಂತೆ ಇರಿಯೆಂದು ಹೇಳುವವರು ಸಂಜೆ ಏಳು ಗಂಟೆಗೆ ಎರಡು ಮಕ್ಕಳ ಮನೆಯನ್ನು ಕಂಡವರಲ್ಲ. ಆದರೆ ಮಗುವಿನ ಕಣ್ಣಿನಲ್ಲಿ ಹಟವಿದೆಯೋ ಭಯವಿದೆಯೋ ಎಂದು ನೋಡುವುದಕ್ಕೆ ಒಂದು ಕ್ಷಣ ಸಾಕು. ಭಯ ಕಂಡರೆ ಅಲ್ಲಿಗೆ ಕೋಲಿನ ಕೆಲಸ ಮುಗಿಯಿತು. ಕೈ ಮೀರಿ ಒಂದೇಟು ಬಿದ್ದಿದ್ದರೆ ಮಗು ಮಲಗುವ ತನಕ ಕಾಯಬಾರದು. ಎಚ್ಚರವಾಗಿರುವಾಗಲೇ ತೊಡೆಯ ಮೇಲೆ ಕೂರಿಸಿಕೊಂಡು, “ನನಗೆ ಸಿಟ್ಟು ಬಂತು ಕಂದಾ, ಹೊಡೆಯಬಾರದಿತ್ತು” ಎಂದರೆ ತಾಯಿಯ ಗೌರವವು ಕುಂದುವುದಿಲ್ಲ. ಮಲಗಿದವನ ಕಾಲಿನ ಮೇಲೆ ಬಿದ್ದ ಕಣ್ಣೀರು ಅವನಿಗೆ ತಿಳಿಯುವುದಿಲ್ಲ; ಈ ಮಾತು ತಿಳಿಯುತ್ತದೆ.

ಇನ್ನು ಹಗ್ಗದ ವಿಷಯ. ಒರಳಿಗೆ ಕಟ್ಟಹೋದಾಗ ಹಗ್ಗವು ಎರಡಂಗುಲ ಸಾಲದೆ ಬಂತು. ಇನ್ನೊಂದನ್ನು ಸೇರಿಸಿದಳು; ಎರಡಂಗುಲ ಕಡಿಮೆ. ಮತ್ತೊಂದನ್ನು ಸೇರಿಸಿದಳು, ಮತ್ತೆ ಎರಡಂಗುಲ ಕಡಿಮೆ. ಮನೆಯಲ್ಲಿದ್ದ ಹಗ್ಗಗಳೆಲ್ಲ ಮುಗಿದವು. ನೆರೆದ ಗೋಪಿಯರು ನಗುತ್ತ ನೋಡುತ್ತಿದ್ದರು. ನೆರೆಹೊರೆಯ ಈ ನಗುವು ಆ ಕಾಲದಿಂದಲೂ ಇದೆಯೆಂದಾಯಿತು.

ಇಂದಿನ ತಾಯಿಯು ಕಟ್ಟುವ ಹಗ್ಗಗಳನ್ನು ಎಣಿಸಿ ನೋಡಿ. ಗಣಿತದ ಟ್ಯೂಷನ್ ಒಂದು, ಸಂಗೀತ ಒಂದು, ಈಜು ಒಂದು. ಮನೆಯ ತಿಂಡಿಯನ್ನೇ ಕೊಡಬೇಕು, ಮೊಬೈಲನ್ನು ಕೊಡಬಾರದು, ಸ್ತೋತ್ರವನ್ನು ಕಲಿಸಬೇಕು, ಕನ್ನಡದ ಅಕ್ಷರವನ್ನು ತಿದ್ದಿಸಬೇಕು. ಪ್ರತಿಯೊಂದೂ ಒಳ್ಳೆಯದೇ. ಆದರೂ ರಾತ್ರಿ ತಲೆದಿಂಬಿಗೆ ತಲೆ ಕೊಟ್ಟಾಗ ಎರಡಂಗುಲ ಕಡಿಮೆ. ಗಮನಿಸಬೇಕಾದ ಸೂಕ್ಷ್ಮವೇನೆಂದರೆ ಗೋಕುಲದಲ್ಲಿ ಹಗ್ಗವನ್ನು ಎಷ್ಟು ಕೂಡಿಸಿದರೂ ಕೊರತೆಯು ಅಷ್ಟೇ ಉಳಿಯಿತು. ಹಗ್ಗವು ಚಿಕ್ಕದಾಗಿದ್ದರೆ ಕೂಡಿಸಿದಂತೆಲ್ಲ ಕೊರತೆಯು ತಗ್ಗಬೇಕಾಗಿತ್ತು. ಒಳಗೂ ಹೊರಗೂ ವ್ಯಾಪ್ತನಾದವನನ್ನು ಅಳತೆಗೆ ತರುವ ಹಗ್ಗವೇ ಇಲ್ಲವೆಂದು ಶುಕಾಚಾರ್ಯರು ಕಾರಣವನ್ನು ಸ್ಪಷ್ಟವಾಗಿ ಹೇಳಿದ್ದಾರೆ.

ನಮ್ಮ ಮಕ್ಕಳು ದೇವರಲ್ಲ, ವ್ಯಾಪ್ತರೂ ಅಲ್ಲ. ಆದರೆ ಅವರೊಳಗಿನ ಜೀವನು ನಾವು ಹೆತ್ತದ್ದಲ್ಲವೆಂಬುದು ಶ್ರೀಮದಾಚಾರ್ಯರ ಸಿದ್ಧಾಂತ. ತಾಯಿ ಕೊಡುವುದು ದೇಹವನ್ನು. ಜೀವನು ಅನಾದಿ, ಅವನ ಸ್ವಭಾವವೂ ಅನಾದಿ, ಅವನ ಹಿಂದೆ ನಾವು ಕಾಣದ ಕರ್ಮಸಂಚಯವಿದೆ, ಅವನೊಳಗೆ ಬಿಂಬರೂಪಿಯಾದ ಪರಮಾತ್ಮನು ನಿಂತು ನಡೆಸುತ್ತಿದ್ದಾನೆ. ನಮ್ಮ ಮನೆಗೆ ಬರುವ ಮೊದಲೇ ಅವನದೊಂದು ದೀರ್ಘವಾದ ಯಾತ್ರೆ ನಡೆದಿದೆ. ನಮ್ಮ ಮನೆಯು ಅದರಲ್ಲಿ ಒಂದು ನಿಲ್ದಾಣ. ಹೀಗಿರಲು ಮಗನ ಹಟಕ್ಕೆ, ಮಗಳ ಮೌನಕ್ಕೆ, ಪರೀಕ್ಷೆಯ ಅಂಕಕ್ಕೆ, ಮಾತು ಬೇಗ ಬಾರದಿದ್ದುದಕ್ಕೆ ‘ನಾನೇ ಕಾರಣ’ಳೆಂದು ತಾಯಿಯು ಕೊರಗುವುದು ಹೊರನೋಟಕ್ಕೆ ವಿನಯದಂತೆ ಕಂಡರೂ ತತ್ತ್ವದೃಷ್ಟಿಯಿಂದ ಅದೊಂದು ಕರ್ತೃತ್ವಾಭಿಮಾನ. ‘ನಾನೇ ಸಾಧಿಸಿದೆ’ ಎನ್ನುವುದು ಹೇಗೆ ತಪ್ಪೋ ‘ನಾನೇ ಕೆಡಿಸಿದೆ’ ಎನ್ನುವುದೂ ಹಾಗೆಯೇ. ಸ್ವತಂತ್ರನು ಒಬ್ಬನೇ, ಶ್ರೀಹರಿ. ಉಳಿದದ್ದೆಲ್ಲ ಅಸ್ವತಂತ್ರ, ತಾಯಿಯೂ ಅಸ್ವತಂತ್ರಳು. ದ್ವೈತಸಿದ್ಧಾಂತದ ಈ ಮೊದಲ ಪಾಠವನ್ನು ಪರೀಕ್ಷೆಗೆ ಬಾಯಿಪಾಠ ಮಾಡುತ್ತೇವೆ. ದುಃಖ ಬಂದಾಗ ಮರೆಯುತ್ತೇವೆ.

ಹಾಗಾದರೆ ತಾಯಿಯು ಮಾಡುವುದೇನೂ ಇಲ್ಲವೇ? ಇದಕ್ಕೂ ಉತ್ತರವು ಸಿದ್ಧವಾಗಿದೆ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದಲ್ಲಿ ಜೀವನಿಗೆ ಕರ್ತೃತ್ವವುಂಟೆಂದೂ ಅದು ಪರಮಾತ್ಮನ ಅಧೀನವೆಂದೂ ನಿರ್ಣಯಿಸುವಲ್ಲಿ ಬಡಗಿಯ ದೃಷ್ಟಾಂತವು ಬರುತ್ತದೆ. ಬಡಗಿಯು ಮಾಡಿಸುವವನ ಅಧೀನನಾಗಿ ಕೆಲಸ ಮಾಡುತ್ತಾನೆ. ಆದರೂ ಉಳಿ ಹಿಡಿದು ಮಾಡುವವನು ಅವನೇ. ಮರವು ಅವನದಲ್ಲ, ಮನೆಯು ಅವನದಲ್ಲ. ತೇಗಕ್ಕೆ ತೇಗದ ಗುಣ, ಹಲಸಿಗೆ ಹಲಸಿನ ಗುಣ. ಅದನ್ನು ಅವನು ಬದಲಿಸಲಾರ. ನಾರು ಹೋಗುವ ದಿಕ್ಕನ್ನು ತಿಳಿದು ಉಳಿಯನ್ನಿಡುವುದು ಅವನ ಕೆಲಸ. ತಾಯಿಯ ಕೆಲಸವೂ ಇಷ್ಟೇ. ಇದೇನು ಅಲ್ಪವೂ ಅಲ್ಲ. ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಜೀವಯೋಗ್ಯತೆಯ ಮಾತನ್ನು ಅರೆಬರೆ ಕೇಳಿಕೊಂಡು ಹಟಮಾರಿ ಮಗುವನ್ನು ‘ಇವನ ಯೋಗ್ಯತೆಯೇ ಇಷ್ಟು’ ಎಂದು ಜರೆಯುವ ಹಿರಿಯರಿದ್ದಾರೆ. ಯೋಗ್ಯತೆಯನ್ನು ಅಳೆಯುವವನು ಪರಮಾತ್ಮ. ಎಂಟು ವರ್ಷದ ಹುಡುಗನ ಮೇಲೆ ಆ ತೀರ್ಪನ್ನು ಕೊಡುವ ಅಧಿಕಾರವನ್ನು ಶಾಸ್ತ್ರವು ನಮಗಾರಿಗೂ ಕೊಟ್ಟಿಲ್ಲ.

ಕೊನೆಗೆ ಹಗ್ಗವು ಸಾಕಾದದ್ದು ಹೇಗೆ? ಹೊಸ ಹಗ್ಗ ಬರಲಿಲ್ಲ. ತಾಯಿಯ ಮೈ ಬೆವರಿತ್ತು, ಮುಡಿಯ ಹೂವು ಜಾರಿತ್ತು, ಅವಳು ದಣಿದಿದ್ದಳು. ಅವನು ಅದನ್ನು ನೋಡಿದನು. ನೋಡಿ, ಕೃಪೆಯಿಂದ ಕಟ್ಟಿಸಿಕೊಂಡನು. ಆ ಎರಡಂಗುಲಗಳಲ್ಲಿ ಒಂದು ಭಕ್ತರ ಪ್ರಯತ್ನ, ಇನ್ನೊಂದು ಭಗವಂತನ ಕೃಪೆಯೆಂದು ಪ್ರವಚನಕಾರರು ಹೇಳುವುದುಂಟು. ಆದರೆ ಅವನು ನೋಡಿದ್ದು ಏನನ್ನು ಎಂಬುದರ ಮೇಲೆ ನನ್ನ ಮನಸ್ಸು ನಿಲ್ಲುತ್ತದೆ. ಕಟ್ಟಿದ ಗಂಟು ಸರಿಯಾಗಿತ್ತೇ ಎಂದು ಅವನು ನೋಡಲಿಲ್ಲ. ಬೆವರನ್ನು ನೋಡಿದನು. ಆರಾಧನೆಯ ದಿನದ ಆ ತಾಯಿಗೆ ಹೇಳಬೇಕಾದದ್ದು ಇದೇ. ಅಮ್ಮಾ, ರಾತ್ರಿ ನೀವು ಎಣಿಸುವ ಲೆಕ್ಕದಲ್ಲಿ ಆಗದೆ ಉಳಿದ ಕೆಲಸಗಳು ಮಾತ್ರ ಇವೆ. ಅವನ ಲೆಕ್ಕದಲ್ಲಿ ನಿಮ್ಮ ಬೆವರೂ ಇದೆ.

ಇದರೊಡನೆ ಒಂದು ಲೌಕಿಕವಾದ ಮಾತನ್ನು ಸಂಕೋಚವಿಲ್ಲದೆ ಹೇಳುತ್ತೇನೆ, ಏಕೆಂದರೆ ನಮ್ಮ ಮನೆಗಳಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ಹೆರಿಗೆಯಾದ ಮೊದಲ ದಿನಗಳಲ್ಲಿ ಕಾರಣವಿಲ್ಲದೆ ಅಳು ಬರುವುದು ಬಹುಮಂದಿಗೆ ಉಂಟು. ಸಾಮಾನ್ಯವಾಗಿ ಎರಡು ವಾರಗಳೊಳಗೆ ಅದು ತಾನಾಗಿಯೇ ಇಳಿಯುತ್ತದೆ. ಅದನ್ನು ಮೀರಿಯೂ ದುಃಖವು ಮುಂದುವರಿದರೆ, ಮಗು ಮಲಗಿದರೂ ತಾಯಿಗೆ ನಿದ್ರೆ ಬಾರದಿದ್ದರೆ, ಮಗುವಿನ ಮೇಲೆ ಮನಸ್ಸೇ ಹೋಗದಿದ್ದರೆ, ಅದು ವೈದ್ಯರು ಗುರುತಿಸಿರುವ ಒಂದು ವ್ಯಾಧಿ; ಚಿಕಿತ್ಸೆಯಿಂದ ಗುಣವಾಗುವ ವ್ಯಾಧಿ. ತನಗೋ ಮಗುವಿಗೋ ಕೇಡು ಮಾಡಿಕೊಳ್ಳುವ ಯೋಚನೆ ಬಂದರೆ, ಇಲ್ಲದ ಧ್ವನಿ ಕೇಳಿದರೆ, ಎರಡು ವಾರ ಕಾಯುವ ಮಾತಿಲ್ಲ. ಅದೇ ದಿನ ವೈದ್ಯರಲ್ಲಿಗೆ ಹೋಗಬೇಕು, ತಾಯಿಯನ್ನು ಒಬ್ಬಳೇ ಬಿಡಬಾರದು. ಇದು ಭಕ್ತಿಯ ಕೊರತೆಯಲ್ಲ, ದೃಷ್ಟಿದೋಷವೂ ಅಲ್ಲ. ಧನ್ವಂತರಿಯೂ ನಾರಾಯಣನ ರೂಪವೇ. ಔಷಧದಲ್ಲಿ ಶಕ್ತಿಯನ್ನಿಟ್ಟವನು ಅವನೇ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ತಾಯಿಯೂ ಶಿಶುವೂ ಒಟ್ಟಿಗಿದ್ದು ಚಿಕಿತ್ಸೆ ಪಡೆಯುವ ವಿಭಾಗವೇ ಇದೆ. ಪರಭಾಷೆಯ ಊರಿನಲ್ಲಿ ಮನಸ್ಸಿನ ನೋವನ್ನು ಹೇಳಿಕೊಳ್ಳುವುದು ಕಷ್ಟವೆನ್ನುವವರಿಗೆ 2022ರಲ್ಲಿ ಕೇಂದ್ರಸರಕಾರವು ಆರಂಭಿಸಿದ ಟೆಲಿಮಾನಸ್ ಎಂಬ ಉಚಿತ ದೂರವಾಣಿ ಸೇವೆಯುಂಟು. 14416 ಸಂಖ್ಯೆಗೆ ಕರೆ ಮಾಡಿ ಕನ್ನಡವನ್ನು ಆರಿಸಿಕೊಂಡು ಮಾತನಾಡಬಹುದು. ಹಾಲೂಡಿಸುವ ತಾಯಂದಿರು ಏಕಾದಶಿಯ ವಿಷಯದಲ್ಲಿಯೂ ಹಟ ಮಾಡದೆ, ದೇಹಶಕ್ತಿಯನ್ನು ನೋಡಿಕೊಂಡು, ಮಠದ ಹಿರಿಯರನ್ನು ಕೇಳಿ ನಡೆಯಲಿ.

‘ಪೂಜೆಗೆ ವೇಳೆಯೇ ಸಿಗುವುದಿಲ್ಲ’ವೆಂಬುದು ಇನ್ನೊಂದು ಕೊರಗು. ಯಶೋದೆಯು ಹಾಡಿದ್ದು ಕಡೆಯುತ್ತ. ಕಡೆದು ಮುಗಿಸಿದ ಮೇಲಲ್ಲ. ಕುಕ್ಕರಿನ ಸೀಟಿಯ ನಡುವೆ, ಚಪಾತಿ ಲಟ್ಟಿಸುವಾಗ, ಮಹಿಳೆಯರ ಬೋಗಿಯಲ್ಲಿ ಸಂಜೆಯ ಸೊಪ್ಪು ಬಿಡಿಸುತ್ತ ಕುಳಿತಾಗ ಒಂದು ದಾಸರ ಪದವನ್ನು ಗುನುಗಿದರೆ ಅದು ಅರೆಪೂಜೆಯಲ್ಲ. ಮಗುವಿಗೆ ತುತ್ತಿಡುವಾಗ, ಉಂಡ ಅನ್ನವನ್ನು ಪಚನ ಮಾಡುವ ವೈಶ್ವಾನರನೆಂಬ ಭಗವದ್ರೂಪವು ಈ ಪುಟ್ಟ ಹೊಟ್ಟೆಯಲ್ಲಿಯೂ ಇದೆಯೆಂದು ಒಮ್ಮೆ ನೆನೆದರೆ ಆ ತುತ್ತೇ ಆಹುತಿಯಾಗುತ್ತದೆ. ಗೀತೆಯ ಹದಿನೈದನೆಯ ಅಧ್ಯಾಯವನ್ನು ಓದಿದವರಿಗೆ ಇದು ಹೊಸದಲ್ಲ. ಇನ್ನು ಕೇಳಿದ್ದು ನೆನಪಿನಲ್ಲಿ ನಿಲ್ಲುವುದಿಲ್ಲವೆಂಬ ಚಿಂತೆ ಬೇಡ. ನಾರದರು ಆಶ್ರಮದಲ್ಲಿ ಕಯಾಧುವಿಗೆ ಮಾಡಿದ ಉಪದೇಶವು ಕಾಲಕ್ರಮದಲ್ಲಿ ಅವಳಿಗೆ ಮರೆತುಹೋಯಿತು. ಗರ್ಭದಲ್ಲಿದ್ದ ಪ್ರಹ್ಲಾದನಿಗೆ ಮರೆಯಲಿಲ್ಲ. ಇದನ್ನು ಏಳನೆಯ ಸ್ಕಂಧದಲ್ಲಿ ಪ್ರಹ್ಲಾದನೇ ತನ್ನ ಗೆಳೆಯರಿಗೆ ಹೇಳುತ್ತಾನೆ.

ಭಾಷೆಯ ವಿಷಯವೂ ಇದೆ. ಮೇ ತಿಂಗಳ ರಜೆಯಲ್ಲಿ ಊರಿಗೆ ಹೋದಾಗ ಮಗು ಹಿಂದಿಯಲ್ಲಿಯೋ ಮರಾಠಿಯಲ್ಲಿಯೋ ಉತ್ತರ ಕೊಡುತ್ತದೆ, ಯಾರೋ ಒಬ್ಬರು ತಾಯಿಯ ಕಡೆಗೆ ತಿರುಗಿ, “ಕನ್ನಡನೂ ಕಲಸಿಲ್ಲೇನು?” ಎನ್ನುತ್ತಾರೆ. ತಂದೆಯು ಪಕ್ಕದಲ್ಲಿಯೇ ನಿಂತಿದ್ದರೂ ಪ್ರಶ್ನೆಯು ತಾಯಿಗೇ ಬರುತ್ತದೆ! ಆ ಅವಮಾನವನ್ನು ಮುಂಬಯಿಗೆ ಹಿಂತಿರುಗಿ ಮಗುವಿನ ಮೇಲೆ ತೀರಿಸಿಕೊಳ್ಳುವ ಮೊದಲು ಸುನೀತಿಯನ್ನು ನೆನೆಯಬೇಕು. ಸವತಿಯ ಮಾತಿನಿಂದ ನೊಂದು ಅಳುತ್ತ ಬಂದ ಐದು ವರ್ಷದ ಧ್ರುವನಿಗೆ ಅವಳು, ಪರರಿಗೆ ಅಮಂಗಳವನ್ನು ಬಯಸಬೇಡವೆಂದು ಹೇಳಿ ಹರಿಯ ಕಡೆಗೆ ದಾರಿ ತೋರಿದಳು. ತನ್ನ ಕಣ್ಣಲ್ಲೂ ನೀರಿತ್ತು. ಆದರೆ ತನ್ನ ದುಃಖದ ಗಂಟನ್ನು ಹುಡುಗನ ತಲೆಯ ಮೇಲೆ ಹೊರಿಸಲಿಲ್ಲ. ಕನ್ನಡವನ್ನು ದಂಡನೆಯಾಗಿ ಕಲಿಸಿದರೆ ಮಗು ಅದನ್ನು ದಂಡನೆಯೆಂದೇ ನೆನಪಿಡುತ್ತದೆ. ಮಲಗುವ ಮುನ್ನ ಹತ್ತು ನಿಮಿಷ ಕನ್ನಡದಲ್ಲಿ ಒಂದು ಕಥೆ. ವಾರಕ್ಕೆರಡು ಸಲ ಊರಿನ ಅಜ್ಜಿಯೊಡನೆ ದೂರವಾಣಿಯಲ್ಲಿ ಮಾತು. ಶುಕ್ರವಾರ ವಾದಿರಾಜರ ಲಕ್ಷ್ಮೀಶೋಭಾನೆಯನ್ನು ತಾಯಿ ಹೇಳುವಾಗ ಪಕ್ಕದಲ್ಲಿ ಕೂತಿರುವುದು. ಅಕ್ಷರವು ಎರಡು ವರ್ಷ ತಡವಾಗಿ ಬಂದರೆ ಕುಲವೇನೂ ಮುಳುಗುವುದಿಲ್ಲ.

ಒಂದು ದಿನವಾದರೂ ತಡವಾಗಿ ಮನೆಗೆ ಬಂದು ಎದೆಗುಂದದ ತಾಯಿಯಿಲ್ಲ. ಶ್ರೀಮದಾಚಾರ್ಯರ ತಾಯಿಗೂ ಅದು ತಪ್ಪಲಿಲ್ಲ. ನಾರಾಯಣಪಂಡಿತಾಚಾರ್ಯರು ಸುಮಧ್ವವಿಜಯದ ಎರಡನೆಯ ಸರ್ಗದಲ್ಲಿ ಆ ಪ್ರಸಂಗವನ್ನು ಹೇಳಿದ್ದಾರೆ. ಪಾಜಕದ ಮನೆಯಲ್ಲಿ ಶಿಶು ವಾಸುದೇವನನ್ನು ಅಕ್ಕನ ವಶಕ್ಕೆ ಬಿಟ್ಟು ತಾಯಿಯು ಹೊರಗೆ ಹೋಗಿದ್ದಳು. ಬರುವುದು ತಡವಾಯಿತು. ಅಳುವ ತಮ್ಮನನ್ನು ಸಮಾಧಾನಪಡಿಸಲಾರದೆ ಆ ಹುಡುಗಿಯು ಬೇಯಿಸಿದ ಹುರುಳಿಯನ್ನೇ ತಿನ್ನಿಸಿದಳು. ತಾಯಿ ಗಾಬರಿಯಾಗಿ ಓಡಿಬಂದಳು, ಮಗಳನ್ನು ಗದರಿದಳು. ಸಾಕ್ಷಾತ್ ವಾಯುದೇವರ ಅವತಾರವಾದ ಆ ಶಿಶುವಿಗೆ ಅದು ಜೀರ್ಣವಾಯಿತು. ನಮ್ಮ ಮಕ್ಕಳಿಗೆ ಯಾರೂ ಆ ಪರೀಕ್ಷೆಯನ್ನು ಮಾಡತಕ್ಕದ್ದಲ್ಲ! ಆದರೆ ಆ ಗಾಬರಿ, ಆ ಓಟ, ತಡವಾಯಿತೆಂಬ ಆ ಉರಿ, ಇವು ಅಂಥ ಮಹಾತ್ಮರ ತಾಯಿಯ ಎದೆಯಲ್ಲಿಯೂ ಇದ್ದುವೆಂದು ತಿಳಿದಾಗ ನಮ್ಮ ತಾಯಂದಿರಿಗೆ ಒಂದಿಷ್ಟು ಧೈರ್ಯ ಬಾರದೇ ಇರದು. ಮುಂದೆ ಮಗನು ಸಂನ್ಯಾಸಕ್ಕೆ ಹೊರಟಾಗ ಅದೇ ತಾಯಿಯು ಅನುಮತಿ ಕೊಡಬೇಕಾಯಿತು. ಮನೆಯಲ್ಲಿ ಇನ್ನೊಬ್ಬ ಮಗನು ಹುಟ್ಟುವವರೆಗೆ ಆಚಾರ್ಯರೂ ಕಾದರು.

ಬೆಳೆದ ಮಕ್ಕಳ ತಾಯಂದಿರಿಗೆ ಈ ಬಿಡುವಿಕೆಯೇ ಕಷ್ಟ. ಜೀವಮಾನವೆಲ್ಲ ರೈಲ್ವೆಯಲ್ಲಿ ಕಳೆದವನಾದ್ದರಿಂದ ಹಳಿಗಳ ಉದಾಹರಣೆಯೇ ತೋರುತ್ತದೆ. ಹಳಿಯೊಡನೆ ಹಳಿಯನ್ನು ಜೋಡಿಸುವಾಗ ಹಿಂದಿನವರು ನಡುವೆ ಸ್ವಲ್ಪ ಸಂದನ್ನು ಬಿಡುತ್ತಿದ್ದರು. ಬೇಸಿಗೆಯಲ್ಲಿ ಉಕ್ಕು ಹಿಗ್ಗುತ್ತದೆ. ಸಂದಿಲ್ಲದಿದ್ದರೆ ಹಳಿಯೇ ಡೊಂಕಾಗಿ ಗಾಡಿ ಉರುಳೀತು. ಈಗ ಉದ್ದಕ್ಕೂ ಬೆಸೆದ ಹಳಿಗಳು ಬಂದಿದ್ದರೂ ಅವುಗಳ ಕೊನೆಯಲ್ಲಿ ಹಿಗ್ಗಲು ಎಡೆಕೊಡುವ ಜೋಡಣೆಯನ್ನು ಇಡುತ್ತಾರೆ. ಹದಿನೈದು ವರ್ಷದ ಮಗನ, ಮಗಳ ಪ್ರತಿ ನಿಮಿಷಕ್ಕೂ ಲೆಕ್ಕ ಕೇಳುವ ಮನೆಯಲ್ಲಿ ಸಂದಿಲ್ಲ.

ಕಥೆಯ ಕೊನೆಯ ಭಾಗ ಉಳಿದಿದೆ. ಮಗನನ್ನು ಒರಳಿಗೆ ಕಟ್ಟಿ ಯಶೋದೆಯು ಮತ್ತೆ ಮನೆಗೆಲಸದಲ್ಲಿ ಮುಳುಗಿದಳು. ಅವಳು ನೋಡದಿರುವಾಗಲೇ, ಅವಳು ಕಟ್ಟಿದ ಹಗ್ಗದಿಂದಲೇ ಒರಳನ್ನೆಳೆದುಕೊಂಡು ಹೋಗಿ, ನಾರದರ ಶಾಪದಿಂದ ಮರಗಳಾಗಿ ನಿಂತಿದ್ದ ಕುಬೇರಪುತ್ರರಿಬ್ಬರನ್ನು ಅವನು ಉದ್ಧರಿಸಿದನು. ಮರಗಳು ಉರುಳಿದ ಸದ್ದಿಗೆ ಊರೇ ಓಡಿಬಂತು. ನಡೆದದ್ದನ್ನು ಕಣ್ಣಾರೆ ಕಂಡಿದ್ದ ಗೋಪಬಾಲಕರು ಇದ್ದದ್ದನ್ನು ಇದ್ದಂತೆ ಹೇಳಿದರು. ಹಿರಿಯರಲ್ಲಿ ಹಲವರು ನಂಬಲಿಲ್ಲ. ಮಕ್ಕಳು ಶಾಲೆಯಿಂದಲೋ ಪಾಳಣಾಘರದಿಂದಲೋ ಟ್ಯೂಷನ್ನಿನಿಂದಲೋ ಬಂದು ಏನಾದರೂ ಹೇಳಿದಾಗ, ಅದೆಷ್ಟೇ ಅಸಂಭವವೆನಿಸಿದರೂ, ಯಾರ ಮೇಲಿನ ಮಾತೇ ಆದರೂ, ಕೆಲಸವನ್ನು ಬದಿಗಿಟ್ಟು ಪೂರ್ತಿಯಾಗಿ ಕೇಳಬೇಕು. ಗೋಕುಲದಲ್ಲಿ ನಿಜವನ್ನು ಹೇಳಿದವರು ಮಕ್ಕಳು ಮಾತ್ರ.

ಇನ್ನು ಯಜಮಾನರಿಗೆ ಹೇಳುತ್ತೇನೆಂದ ಮಾತು. ಇಷ್ಟು ಹೊತ್ತಿನ ಕಥೆಯಲ್ಲಿ ನಂದಗೋಪನು ಎಲ್ಲಿದ್ದನು? ಗಡಿಗೆ ಒಡೆದಾಗ ಇಲ್ಲ, ಬೆನ್ನಟ್ಟುವಾಗ ಇಲ್ಲ, ಹಗ್ಗಗಳನ್ನು ಕೂಡಿಸುವಾಗ ಇಲ್ಲ. ಎಲ್ಲ ಮುಗಿದ ಮೇಲೆ ಬಂದು, ಒರಳನ್ನೆಳೆಯುತ್ತಿದ್ದ ಮಗನನ್ನು ಕಂಡು ನಕ್ಕು, ಕಟ್ಟನ್ನು ಬಿಚ್ಚಿದನು. ಹೊರಗಿನಿಂದ ಬಂದು ನಗುತ್ತ ಕಟ್ಟು ಬಿಚ್ಚುವ ತಂದೆಯು ಮಕ್ಕಳಿಗೆ ಎಂದೂ ಪ್ರಿಯನೇ. ಆದರೆ ಆ ಹೊತ್ತಿಗೆ ಅವನು ತಾಯಿಯನ್ನು ಹಳಿದನೆಂದು ಭಾಗವತದಲ್ಲಿ ಇಲ್ಲವೆಂಬುದನ್ನೂ ಗಮನಿಸಿರಿ. ನಮ್ಮಲ್ಲಿ ಕಟ್ಟು ಬಿಚ್ಚುವುದರೊಡನೆ “ಮಕ್ಕಳನ್ನು ನೋಡಿಕೊಳ್ಳಲಿಕ್ಕೂ ಬರೋದಿಲ್ಲ” ಎಂಬ ಮಾತೂ ಬರುತ್ತದೆ. ಉಪನಯನವಾದ ಮಗನು ಸಂಧ್ಯಾವಂದನೆಯನ್ನು ಬಿಟ್ಟನೆಂದು ತಾಯಿಯನ್ನು ಕೇಳುವ ತಂದೆಯರಿದ್ದಾರೆ. ಬ್ರಹ್ಮೋಪದೇಶವನ್ನು ಮಾಡಿದವರು ನೀವು. ಬೆಳಿಗ್ಗೆ ಪಂಚಪಾತ್ರೆಯ ಮುಂದೆ ನೀವು ಕುಳಿತಿದ್ದರೆ ಅವನು ಪಕ್ಕದಲ್ಲಿ ಕುಳಿತಾನು.

ದ್ವಿದಳವ್ರತವು ಮುಗಿಯಲು ಇನ್ನೂ ದಿನಗಳಿವೆ. ವಾರದಲ್ಲಿ ಎರಡು ದಿನವಾದರೂ ಬೆಳಿಗ್ಗೆ ಬೇಗನೆದ್ದು ಮಕ್ಕಳ ಡಬ್ಬಿಯನ್ನು ಯಜಮಾನರು ಕಟ್ಟಲಿ. ಅವಲಕ್ಕಿ ಒಗ್ಗರಣೆಗೆ ಬೇಳೆ ಬೇಕಿಲ್ಲ. ಕಡಲೆಬೇಳೆ, ಶೇಂಗಾಗಳಿಲ್ಲದೆ ಕರಿಬೇವು, ತೆಂಗಿನತುರಿ ಸಾಕು. ಸಂಜೆ ದಾಮೋದರನ ಮುಂದೆ ದೀಪ ಹಚ್ಚುವ ಹೊತ್ತಿಗೆ ತಾಯಿ ಕುಳಿತಿರಲಿ. ಎಣ್ಣೆಯನ್ನು ಮಕ್ಕಳು ಹಾಕಲಿ.

॥ ಶ್ರೀಕೃಷ್ಣಾರ್ಪಣಮಸ್ತು ॥